ಮುಂದಿನ ಸಲದ ಕೆಳಗೆ ಒಂದು ಗೀಟು

ನಿನ್ನೆ ಮಧ್ಯಾಹ್ನ ಮೂರೂವರೆಗೆ ಹೊಳಿಯಜ್ಜನ ಆಶ್ರಮದ ಸೈರನ್ನು ಊದಲಿಲ್ಲ. ನಾಲ್ಕಕ್ಕೆ ನೀರು ಬಂತು.

ನೀರು ದಿನಾ ಬರುವುದೇ. ಮೇಲಿನ ಡ್ಯಾಮಿನಲ್ಲಿ ಕರೆಂಟು ತೆಗೆಯಲು ದಿನಾ ಗೇಟು ಎತ್ತುತ್ತಾರೆ. ಬೇಸಿಗೆಯಲ್ಲಿ ಅಲ್ಲಿಯತನಕ ಹೊಳೆ ಅನ್ನುವುದು ಬರೀ ಉಸುಕು. ದಂಡೆಗೆ ಅಂಟಿದ ಎತ್ತರದ ಉಸುಕಿನಲ್ಲಿ ಅಂಬಿಗರ ಮಂದಿ ಕಲ್ಲಂಗಡಿ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿಗೆ ನೀರು ಬೇಕೆಂದರೆ ನಡುಹೊಳೆಗೆ ಇಳಿದು, ಒರತೆ ತೋಡಿ, ಕೊಡ ತುಂಬಬೇಕು. ಒರತೆಯೊಳಗೆ ಬಗ್ಗಿದವನಿಗೆ ಮೇಲಿಂದ ಬರುವ ನೀರು ಕಾಣುವುದಿಲ್ಲ.

ಇಪ್ಪತ್ತಾರು ವರ್ಷ ಹೊಳಿಯಜ್ಜನೇ ಆಶ್ರಮದ ಕಲ್ಲಿನ ಮೇಲೆ ನಿಂತು ಜಾಗಟೆ ಬಾರಿಸಿದ್ದ. ಬಾರಿಸಿ ಒಳಗೆ ಹೋಗುವ ಆಸಾಮಿ ಅಲ್ಲ. ಕೆಳಗಿದ್ದವರು ಒಬ್ಬೊಬ್ಬರಾಗಿ "ಬಂದೆ ಅಜ್ಜಾ" ಎಂದು ಕೂಗಬೇಕು. ಕೊನೆಯ ಕೂಗು ಬರುವತನಕ ಜಾಗಟೆ ನಿಲ್ಲುತ್ತಿರಲಿಲ್ಲ.

ಮೂರು ವರ್ಷದ ಕೆಳಗೆ ಅಜ್ಜನ ಮೊಣಕಾಲು ಹಿಡಿದವು. ಕೆಲಸ ಶಿಷ್ಯ ಅಡಿವೆಪ್ಪನಿಗೆ ಬಂತು.

ಅಡಿವೆಪ್ಪ ನಲವತ್ತು ದಾಟಿದವನು. ಮೊದಲು ಪೇಟೆಯ ಆಫೀಸೊಂದರಲ್ಲಿ ಕಂಪ್ಯೂಟರು ನೋಡಿಕೊಂಡಿದ್ದ. ಅವನು ಕಲ್ಲು ಹತ್ತಲಿಲ್ಲ. ಒಂದು ಸಣ್ಣ ಕಂಪ್ಯೂಟರು ತಂದಿಟ್ಟ, ಅದಕ್ಕೆ ಸೈರನ್ನು ಕಟ್ಟಿದ, ದಿನಾ ಮೂರೂವರೆಗೆ ತಾನೇ ಊದುವ ಹಾಗೆ ಬರೆದಿಟ್ಟ. ಊದುತ್ತಲೂ ಇತ್ತು.

ನಿನ್ನೆ ಊದಲಿಲ್ಲ. ಒರತೆಯಲ್ಲಿದ್ದ ಅಂಬಿಗರ ದುರಗಪ್ಪನನ್ನು ನೀರು ಎರಡು ಹೊಲದಷ್ಟು ದೂರ ಉರುಳಿಸಿಕೊಂಡು ಹೋಗಿ ಜಾಲಿಗಿಡಕ್ಕೆ ಒಗೆಯಿತು. ಜೀವ ಉಳಿಯಿತು. ಬಲಗೈ ಎರಡು ಕಡೆ ಮುರಿಯಿತು.

ಬೆಳಿಗ್ಗೆ ಅವನ ಹೆಂಡತಿ ಶಾವಂತ್ರೆವ್ವ ಆಶ್ರಮದ ಅಂಗಳಕ್ಕೆ ಬಂದಳು. ಚಪ್ಪಲಿ ಕಳೆಯಲಿಲ್ಲ.

"ಎಲ್ಲಿ ಅದಾನ ನಿಮ್ಮ ಮಶೀನ್ ಸ್ವಾಮಿ?"

ಅಡಿವೆಪ್ಪ ಒಳಗಿನಿಂದ ಬಂದ. ಮುಖ ಆಗಲೇ ಕೆಂಪಾಗಿತ್ತು.

"ಮಾತು ನೆಟ್ಟಗಿರಲಿ ಶಾವಂತ್ರೆವ್ವ."

"ನನ್ನ ಗಂಡನ ಕೈ ನೆಟ್ಟಗಿಲ್ಲ, ನನ್ನ ಮಾತು ನೆಟ್ಟಗಿರಬೇಕೇನ? ಅಜ್ಜಾರು ಜಾಗಟಿ ಬಾರಸೂವಾಗ ಒಂದು ನಾಯಿಮರಿ ಸೈತ ಹೊಳ್ಯಾಗ ಹೋಗಿದ್ದಿಲ್ಲ. ನೀ ಬಂದಿ, ತಗಡಿನ ಡಬ್ಬಿ ತಂದಿ. ನಿನ್ನೆ ನಿನ್ನ ಡಬ್ಬಿ ನಿದ್ದಿ ಹೊಡೀತಿತ್ತೋ, ನೀನ ಹೊಡೀತಿದ್ದ್ಯೋ?"

"ನಾಲ್ಕಕ್ಕ ನೀರು ಬರತೈತಿ ಅಂತ ನಿನ್ನ ಗಂಡಗ ಗೊತ್ತಿದ್ದಿಲ್ಲೇನ? ಹೊತ್ತು ನೋಡಾಕ ಸೂರ್ಯ ಇದ್ದಿಲ್ಲೇನ ಆಕಾಶದಾಗ? ತಮ್ಮ ಕಣ್ಣು ಮುಚಗೊಂಡು ನನ್ನ ಮ್ಯಾಲೆ..."

ಟಣ್ ಎಂದಿತು.

ಹೊಳಿಯಜ್ಜ ಕೈಯಲ್ಲಿದ್ದ ತಾಮ್ರದ ತಂಬಿಗೆಯನ್ನು ಬೀಸಿ ಒಗೆದಿದ್ದ. ಅದು ಅಡಿವೆಪ್ಪನ ಕಿವಿಯ ಪಕ್ಕದಿಂದ ಹೋಗಿ ಬಾಗಿಲಿನ ಚೌಕಟ್ಟಿಗೆ ಬಡಿದು ನೆಗ್ಗಿತು.

"ಕೈ ಮುರಕೊಂಡವನ ಹೇಣ್ತಿಗೆ ಎದುರು ಮಾತಾಡತಿ? ನಿನ್ನ ಬಾಯಾಗ ಉಸುಕು ಬೀಳಲಿ! ಇವತ್ತ ಮೂರೂವರಿಗೆ ಅದು ಊದಲಿಲ್ಲ ಅಂದ್ರ, ಮೊದಲ ನಿನ್ನ ಡಬ್ಬಿ ಹೊಳಿಗೆ. ಅದರ ಹಿಂದಿಂದ ನೀನು!"

ಶಾವಂತ್ರೆವ್ವ ಸೆರಗು ಬಾಯಿಗೆ ಹಿಡಿದು ನಿಂತಳು.

ಅಜ್ಜ ಕುಂಟುತ್ತ ಹೋಗಿ ತಂಬಿಗೆ ಎತ್ತಿಕೊಂಡ. ನೆಗ್ಗಿದ ಕಡೆ ಬೆರಳಾಡಿಸಿದ.

"ಶಾವಂತ್ರಿ, ದುರಗಪ್ಪ ಏನರೆ ಉಂಡನೇನವಾ?"

"ಗಂಜಿ ಕುಡದಾನ್ರಿ ಅಜ್ಜಾರ."

"ಛಲೋ ಆತು. ಅಡಿವೆಪ್ಪಾ, ಚಾ ಇಡು."

ಅಡಿವೆಪ್ಪ ಪಿಳಿಪಿಳಿ ನೋಡಿದ. "ಅಜ್ಜಾರ, ಈಗರೆ ತಂಬಿಗಿ ಒಗದ್ರಿ."

"ಒಗದೆ. ಆತು. ಸಕ್ರಿ ಕಡಿಮಿ ಹಾಕು."

ಶಾವಂತ್ರೆವ್ವ ಚಹಾಕ್ಕೆ ನಿಲ್ಲಲಿಲ್ಲ. ಮೆಟ್ಟಿಲ ಹತ್ತಿರ ತಿರುಗಿ ಹೇಳಿದಳು.

"ಇವತ್ತೂ ನಾ ಒರತಿಗೆ ಇಳಿಯಾಕಿನ. ಗಂಡನ ಕೈ ಮುರದದ್ದು ಬಳ್ಳಿಗೇನು ಗೊತ್ತು? ಅದಕ್ಕ ನೀರು ಬೇಕು."

*

ಕಂಪ್ಯೂಟರಿನ ಕೋಣೆ ಅಂದರೆ ಹಿಂದೆ ಸೌದೆ ಒಟ್ಟುತ್ತಿದ್ದ ಜಾಗ. ಅಡಿವೆಪ್ಪ ಕೀಲಿಗಳನ್ನು ಬಡಿಯುತ್ತಿದ್ದ ರೀತಿಗೆ ಮೇಜು ಅಲುಗುತ್ತಿತ್ತು. ಅಜ್ಜ ಬಂದು ಮಣೆಯ ಮೇಲೆ ಕೂತ.

"ಇದು ಹೆಂಗ ಊದತೈತಿ, ಮೊದಲ ಅದನ್ನ ಹೇಳು."

"ನಿಮಗ ತಿಳಿಯೂದಿಲ್ರಿ ಅಜ್ಜಾರ."

"ತಿಳೀಲಾರದವಗ ಹೇಳು. ಹೇಳಿದವಗ ತಿಳೀತೈತಿ."

ಅಡಿವೆಪ್ಪ ಹಲ್ಲು ಕಚ್ಚಿಕೊಂಡು ಹೇಳಿದ.

"ಒಳಗ ಎರಡು ಚೀಟಿ ಅದಾವ್ರಿ. ಒಂದು ಹೊತ್ತಿನ ಚೀಟಿ. ದಿನಾ ಮೂರೂವರಿಗೆ ಕರಿ, ಅಂತ ಅದರಾಗ ಐತಿ. ಇನ್ನೊಂದು ಕೆಲಸದ ಚೀಟಿ. ಕರದ್ರ ಒಂದು ನಿಮಿಷ ಸೈರನ್ ಊದು, ಅಂತ ಅದರಾಗ ಐತಿ. ಎರಡೂ ಓದಿ ಕೆಲಸಾ ಮಾಡಸೂದಕ್ಕ ಒಳಗ ಒಬ್ಬ ಮುಕಾದಮ ಅದಾನ ಅಂತ ತಿಳಕೋರಿ. ಇಷ್ಟ."

"ಮುಕಾದಮನ ಗಡಿಯಾರ ಸರಿ ಐತೇನ?"

"ಐತ್ರಿ. ಎಷ್ಟೋ ಮಶೀನು ವಿಲಾಯತಿ ಹೊತ್ತಿನ್ಯಾಗ ಇರತಾವ, ನಮಗಿಂತ ಐದೂವರಿ ತಾಸು ಹಿಂದ. ಇದು ನಮ್ಮ ಹೊತ್ತಿನ್ಯಾಗ ಐತಿ."

"ಹೊತ್ತಿನ ಚೀಟಿ ಅವನ ಕೈಗೆ ಕೊಟ್ಟೀಯೋ, ಬರದು ಕಿಸೇದಾಗ ಇಟಗೊಂಡೀಯೋ?"

"ಕೊಟ್ಟೀನ್ರಿ! ಮೂರು ವರ್ಷ ಊದೈತಲ್ರಿ!"

"ಹಂಗಾರ ಸೈರನ್ ಕೆಟ್ಟಿರಬೇಕು."

"ಅದನ್ನೂ ನೋಡಿಬಿಡತೀನಿ!"

ಅಡಿವೆಪ್ಪ ಎದ್ದ. ಸೈರನ್ನಿಗೆ ಅದರದೇ ಒಂದು ಲಾರಿ ಬ್ಯಾಟರಿ ಇತ್ತು. ಕಂಪ್ಯೂಟರನ್ನು ಬದಿಗಿಟ್ಟು ವೈರನ್ನು ನೇರ ಬ್ಯಾಟರಿಗೆ ಹಿಡಿದ.

ಹೊಳೆಯ ಎರಡೂ ದಂಡೆ ನಡುಗುವ ಹಾಗೆ ಊದಿತು.

ಆಗ ಬೆಳಗಿನ ಹತ್ತು ಗಂಟೆ.

ಕೆಳಗೆ ಒರತೆಗಳಲ್ಲಿದ್ದ ಹತ್ತು ಹನ್ನೆರಡು ಮಂದಿ ಕೊಡ ಬಿಸಾಕಿ, ಸೀರೆ ಧೋತರ ಮೊಣಕಾಲಿಗೆ ಎತ್ತಿ, ಸತ್ತೆವೋ ಕೆಟ್ಟೆವೋ ಎಂದು ದಂಡೆಗೆ ಓಡಿದರು. ದಂಡೆ ಹತ್ತಿ ತಿರುಗಿ ನೋಡಿದರೆ ಹೊಳೆ ಒಣಗಿ ಮಲಗಿತ್ತು. ನೀರಿಲ್ಲ, ನೀರಿನ ಸಪ್ಪಳವೂ ಇಲ್ಲ. ಆಮೇಲೆ ಎಲ್ಲರೂ ಆಶ್ರಮದ ಮೆಟ್ಟಿಲು ಹತ್ತಿದರು.

"ನಿನ್ನೆ ಊದಬೇಕಾದಾಗ ಊದಲಿಲ್ಲ, ಇವತ್ತ ಊದಬಾರದಾಗ ಊದೈತಿ," ಅಂದ ಒಬ್ಬ ಮುದುಕ, ಏದುಸಿರು ಬಿಡುತ್ತ. "ಇದು ಸೈರನ್ನೋ, ನಿಮ್ಮ ಮಾವನ ಮನ್ಯಾಗ ಒದರೂ ಕತ್ತಿನೋ?"

"ಪರೀಕ್ಷಾ ಮಾಡಿದೆ!" ಅಂತ ಅಡಿವೆಪ್ಪ ಒದರಿದ. "ಪರೀಕ್ಷಾ ಮಾಡಲಾರದ ರಿಪೇರಿ ಹೆಂಗ ಮಾಡಲಿ?"

ಶಾವಂತ್ರೆವ್ವನ ಕೈಯಲ್ಲಿ ಒಡೆದ ಕೊಡದ ಕಂಠ ಮಾತ್ರ ಇತ್ತು. ಅದನ್ನು ಅವನ ಕಾಲ ಬಳಿ ಇಟ್ಟಳು.

"ಇನ್ನ ಮ್ಯಾಲ ಇದು ಎಷ್ಟರ ಒದರಲಿ. ನಾ ಅಂತೂ ಏಳೂದಿಲ್ಲ."

ಅವರು ಇಳಿದು ಹೋದ ಮೇಲೆ ಅಜ್ಜ ಹೇಳಿದ, "ಊದೂಕಿಂತ ಮೊದಲ ಕೆಳಗ ಹೇಳಿ ಬರಬೇಕಿತ್ತು."

"ಕೆಟ್ಟಿರಬೇಕು ಅಂದವರು ನೀವರಿ!"

"ಅಂದವನು ನಾನು. ಊದಿದವನು ಯಾರು?"

*

ಸೈರನ್ನು ಕೆಟ್ಟಿಲ್ಲ ಅನ್ನುವುದಂತೂ ಗೊತ್ತಾಯಿತು. ಇನ್ನು ಮುಕಾದಮನ ಬಾಯಿಂದಲೇ ಊದಿಸಿ ನೋಡಬೇಕು. ಈ ಸಲ ಅಡಿವೆಪ್ಪ ಮೊದಲು ಉಸುಕಿಗೆ ಇಳಿದ. ಒಬ್ಬೊಬ್ಬರ ಒರತೆಗೆ ಹೋಗಿ, "ಈಗ ಊದತೈತಿ, ಅದು ಪರೀಕ್ಷಾ, ಏಳಬ್ಯಾಡ್ರಿ," ಅಂದ. ಯಾರೂ ತಲೆ ಎತ್ತಲಿಲ್ಲ. ಮತ್ತೆ ಅರವತ್ತು ಮೆಟ್ಟಿಲು ಹತ್ತಿ ಬಂದು ಮುಕಾದಮನಿಗೆ ಅಪ್ಪಣೆ ಬರೆದ, ಕೆಲಸ ಶುರು ಮಾಡು ಅಂತ.

ಊದಲಿಲ್ಲ.

ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ತಪ್ಪಾಗಿದೆ ಅಂತಲೂ ಅನ್ನಲಿಲ್ಲ. ಕರಿ ತೆರೆಯ ಮೇಲೆ ಒಂದು ಗೆರೆ ಮಿಣುಕುತ್ತ ಕೂತಿತ್ತು. ಅಡಿವೆಪ್ಪ ಇನ್ನೊಮ್ಮೆ ಬರೆದ. ಮತ್ತೊಮ್ಮೆ ಬರೆದ. ಕೆಳಗಿನಿಂದ ನಗು ಕೇಳಿಸಿತು. ಯಾರೋ ಬಾಯಿಂದಲೇ ಸೈರನ್ನು ಊದಿ ತೋರಿಸುತ್ತಿದ್ದರು.

ಅಡಿವೆಪ್ಪ ಕುರ್ಚಿ ಒದ್ದ.

"ಆ ಹೊಸ ಬ್ಯಾಟರಿ! ಅದು ಬಂದ ಮ್ಯಾಲನ ಇದು ಕೆಟ್ಟದ್ದು!"

ಕಂಪ್ಯೂಟರಿಗೆ ಮೊದಲು ಬ್ಯಾಟರಿ ಇರಲಿಲ್ಲ. ದಿನಾ ಹನ್ನೆರಡರಿಂದ ಎರಡರವರೆಗೆ ಕರೆಂಟು ಹೋಗುತ್ತಿತ್ತು, ಕಂಪ್ಯೂಟರು ಆರುತ್ತಿತ್ತು, ಎರಡಕ್ಕೆ ಮತ್ತೆ ತಾನೇ ಹೊತ್ತಿಕೊಳ್ಳುತ್ತಿತ್ತು. ಮೊನ್ನೆ ಬೆಳಿಗ್ಗೆ ಒಬ್ಬ ಭಕ್ತ ಬ್ಯಾಟರಿ ತಂದು, ಕಂಪ್ಯೂಟರನ್ನು ಒಮ್ಮೆ ಆರಿಸಿ ಅದನ್ನು ಕೂಡಿಸಿ, ಕೈ ಮುಗಿದು ಹೋಗಿದ್ದ. ಆಗಿನಿಂದ ಕಂಪ್ಯೂಟರು ಒಂದು ಸಲವೂ ಆರಿರಲಿಲ್ಲ.

ಅಡಿವೆಪ್ಪ ಅದರ ವೈರಿಗೆ ಕೈ ಹಾಕಿದ.

"ಮೊನ್ನೆ ಮೂರೂವರಿಗೆ ಊದಿತ್ತೇನ?" ಅಜ್ಜ ಕೇಳಿದ.

"ಊದಿತ್ರಿ."

"ಆವಾಗ ಬ್ಯಾಟರಿ ಎಲ್ಲಿತ್ತು?"

ಅಡಿವೆಪ್ಪನ ಕೈ ನಿಂತಿತು. ಅಲ್ಲೇ ಇತ್ತು ಅದು.

ಹಿಡಿದ ತಪ್ಪು ಕೈ ಜಾರಿದರೆ ಸಿಟ್ಟು ಸುಮ್ಮನೆ ಕೂಡುವುದಿಲ್ಲ. ಹಳೆಯ ಜಾಗ ಹುಡುಕಿಕೊಂಡು ಹೋಗುತ್ತದೆ. ಅಡಿವೆಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತು ಶುರು ಮಾಡಿದ. ಅಜ್ಜ ಮಣೆಯಿಂದ ಎದ್ದು ಹೊರಗೆ ಹೋದದ್ದು ಅವನಿಗೆ ಗೊತ್ತಾಗಲಿಲ್ಲ.

"ಎಲ್ಲಾರೂ ನನ್ನ ಮ್ಯಾಲನ ಬರತಾರ. ಆ ಆಫೀಸಿನ್ಯಾಗೂ ಹಿಂಗ ಆತು. ಒಂದು ಮಶೀನ್ ನಿಂತಿತು. ನಿಲ್ಲಿಸಿದವನು ದೊಡ್ಡ ಸಾಹೇಬನ ಅಳಿಯ. ನಾ ಕಣ್ಣಾರೆ ನೋಡೀನಿ. ಆ ಸಾಹೇಬ ಹದಿನಾಲ್ಕು ಮಂದಿ ಮುಂದ ನನ್ನ ನಿಲ್ಲಿಸಿದ. 'ಎಂಟನೇತ್ತಿಗೆ ಸಾಲಿ ಬಿಟ್ಟವನ ಕೈಯಾಗ ಮಶೀನ್ ಕೊಟ್ಟರ ಹಿಂಗ ಆಗೂದು' ಅಂದ. ಹದಿನಾಲ್ಕು ಮಂದಿ! ಒಬ್ಬರ ಹೆಸರು ಬಿಡಲಾರದ ಹೇಳತೀನಿ. ಕಿಟಕಿ ಹಂತ್ಯಾಕ ಕುಂತಾಕಿ ನಕ್ಕಳು. ಚಾ ತರೂವವ ಸೈತ ನಕ್ಕ..."

ಆರು ವರ್ಷದ ಹಿಂದಿನ ಮಾತು. ಆಶ್ರಮದ ಗೋಡೆಗೆ ಇದು ಬಾಯಿಪಾಠ ಆಗಿತ್ತು. ಸಾಹೇಬ ಅವತ್ತು ಹಾಕಿದ್ದ ಅಂಗಿಯ ಬಣ್ಣ, ಆ ಅಳಿಯ ತಲೆ ತಗ್ಗಿಸಿಕೊಂಡು ಉಗುರು ನೋಡಿಕೊಂಡದ್ದು, ಮೇಜಿನ ಮೇಲಿನ ಪೆನ್ನು ಉರುಳಿ ಬಿದ್ದದ್ದು. ಯಾವುದೂ ಹಳತಾಗಿರಲಿಲ್ಲ. ಅಡಿವೆಪ್ಪ ಗೋಡೆಗೆ ಎಲ್ಲವನ್ನೂ ಹೇಳಿದ. ಅವತ್ತು ತಾನು ಏನು ಅನ್ನಬೇಕಿತ್ತು, ಅದನ್ನೂ ಹೇಳಿದ. ಕೊನೆಗೆ ಗಂಟಲು ಒಣಗಿ ತಿರುಗಿದ.

ಬಾಗಿಲಲ್ಲಿ ಅಜ್ಜ ನಿಂತಿದ್ದ. ಕೈಯಲ್ಲಿ ಚಹಾದ ಲೋಟ.

"ಯಾವಾಗ ಬಂದ್ರಿ?"

"ಕಿಟಕಿ ಹಂತ್ಯಾಕ ಕುಂತಾಕಿ ನಕ್ಕಾಗ."

"ಕರೀಬೇಕಿಲ್ರಿ?"

"ಮೂರು ಸಲ ಕರದೆ."

"ಮತ್ತೊಮ್ಮೆ ಕರೀಬೇಕಿತ್ತು. ಕೆಟ್ಟ ಮೊಣಕಾಲು ಇಟಗೊಂಡು ಹಿಂಗ್ಯಾಕ ನಿಂತ್ರಿ?"

"ನೀ ಇನ್ನೂ ಆ ಆಫೀಸಿನ್ಯಾಗ ಇದ್ದಿ. ಅಲ್ಲೀ ಕೆಲಸಾ ಮುಗಿಸಿ ಬಂದ ಮ್ಯಾಲ ಕರದರಾತು ಅಂತ ನಿಂತೆ."

ಅಡಿವೆಪ್ಪ ಲೋಟ ತೆಗೆದುಕೊಂಡ. ಚಹಾದ ಮೇಲೆ ಕೆನೆ ಕಟ್ಟಿತ್ತು. ಲೋಟ ತಣ್ಣಗಾಗಿತ್ತು. ಬಾಯಿಯತನಕ ಒಯ್ದವನು ಹಾಗೇ ನಿಂತ.

ತೆರೆಯ ಮೇಲೆ ಹೊತ್ತಿನ ಚೀಟಿಯ ಪಟ್ಟಿ ಬೆಳಗಿನಿಂದ ಹಾಗೇ ಇತ್ತು. ಹಿಂದಿನ ಸಲ: ಮೊನ್ನೆ, ಮೂರೂವರೆ. ಮುಂದಿನ ಸಲ: ಒಂದು ಗೀಟು. ಬರೀ ಗೀಟು. ಹತ್ತು ಸಲ ಅದನ್ನು ನೋಡಿದ್ದ. ಹತ್ತೂ ಸಲ ಮಶೀನಿಗೆ ಬೈದು ಮುಂದೆ ಹೋಗಿದ್ದ.

"ಅಜ್ಜಾರ," ಅಂದ. "ಇದೂ ಹಿಂಗ ನಿಂತೈತ್ರಿ."

"ಯಾವದು?"

"ಹೊತ್ತಿನ ಚೀಟಿ. ಮೊನ್ನೆ ಕರೀತು. ಕೆಲಸ ಎದ್ದು ಬಂದು ಊದಿತು. ಊದಿದ ಮ್ಯಾಲ 'ಆತು' ಅಂತ ಹೇಳಬೇಕು. ಹೇಳಿಲ್ಲ. ಅದು ಹೇಳೂತನಕ ಇದು ಮತ್ತ ಕರಿಯೂದಿಲ್ಲ. ಬಾಗಲದಾಗ ನಿಂತೈತಿ. ಅದಕ್ಕ ಮುಂದಿನ ಸಲ ಅನ್ನೂದ ಇಲ್ಲ. ನಾ ಶುರು ಮಾಡು ಅಂದಾಗ ಮುಕಾದಮ ಸುಮ್ಮನ ಕುಂತಿದ್ದೂ ಅದಕ್ಕ. ಶುರು ಆಗೇ ಐತಿ ಅಂತ ಅವನ ಲೆಕ್ಕ."

"ಊದಿ ಮುಗದು ಎರಡು ದಿನ ಆತಲ್ಲೋ."

"ಮುಗದೈತ್ರಿ. ಆದ್ರ ಇನ್ನೂ ನಡದೈತಿ ಅಂತ ತಿಳಕೊಂಡೈತಿ."

"ಯಾಕ ಹಂಗ ತಿಳಕೊಂಡೈತಿ?"

ಅಡಿವೆಪ್ಪ ಕೆಲಸದ ಚೀಟಿ ತೆಗೆದ. ಮೂರು ಸಾಲು ಇದ್ದವು. ಸೈರನ್ನು ಯಾವುದು, ಒಂದು ಸಾಲು. ಎಷ್ಟು ಹೊತ್ತು ಊದಬೇಕು, ಒಂದು ಸಾಲು. ಮೂರನೆಯದು, ಕೆಲಸ ಮುಗಿದ ಮೇಲೂ ನಡೆಯುತ್ತಿದೆ ಅಂತಲೇ ತಿಳಿಯಬೇಕು ಅನ್ನುವ ಸಾಲು.

"ಇದನ್ನ ಬರದವರು ಯಾರು?"

ಹೊರಗೆ ಬೇವಿನ ಗಿಡದಲ್ಲಿ ಗಾಳಿ ಆಡಿತು. ಅಡಿವೆಪ್ಪ ತಣ್ಣನೆಯ ಲೋಟವನ್ನು ಮೇಜಿನ ಮೇಲಿಟ್ಟ.

"ನಾನರಿ."

"ಯಾಕ?"

"ದಿನಾ ಸಂಜಿಕ ನೀವು 'ಊದಿತೇನಪಾ' ಅಂತ ಕೇಳತಿದ್ರಿ. ನಾ ತೆರೆ ನೋಡತಿದ್ದೆ. ಊದಿ ಮುಗದ ಮ್ಯಾಲ ಅದರ ಮುಂದ 'ಸತ್ತೈತಿ' ಅಂತ ತೋರಸ್ತಿತ್ತು, ಬೂದಿ ಬಣ್ಣದಾಗ. ಅದರ ರೀತಿನ ಅದು, ಮುಗದದ್ದಕ್ಕ ಹಂಗ ಅಂತೈತಿ. ಆದ್ರ ನನ್ನ ಕೈಯಾರೆ ಮಾಡಿದ ಕೆಲಸದ ಮುಂದ ಸತ್ತೈತಿ ಅಂತ ನೋಡಾಕ ನನಗ ಆಗಲಿಲ್ಲ. ಹೋದ ಶ್ರಾವಣದಾಗ ಈ ಸಾಲು ಹಾಕಿದೆ. ಆಮ್ಯಾಲ ಯಾವಾಗ ನೋಡಿದ್ರೂ ಹಸರ ಅಕ್ಷರ. ನಡದೈತಿ, ನಡದೈತಿ."

"ಶ್ರಾವಣದಿಂದ ಇಲ್ಲೀತನಕ ದಿನಾ ಊದಿತಲ್ಲ?"

"ದಿನಾ ಮಧ್ಯಾಹ್ನ ಕರೆಂಟು ಹೋಗಿ ಮಶೀನ್ ಆರತಿತ್ರಿ. ಆರಿ ಎದ್ದಾಗ ಹಿಂದಿಂದು ಎಲ್ಲಾ ಮರತು ಹೊಸದಾಗಿ ಶುರು ಆಗತಿತ್ತು. ಬ್ಯಾಟರಿ ಬಂತು, ಆರೂದು ನಿಂತಿತು. ಮೊನ್ನೆ ಒಮ್ಮೆ ಊದಿತು. ಅಲ್ಲಿಗೆ ಮುಗೀತು."

ಅಜ್ಜನ ಮುಖ ಬಿಗಿಯಿತು. ತಂಬಿಗೆ ಒಗೆದಾಗಿನ ಸಿಟ್ಟಿಗಿಂತ ಇದು ಸಣ್ಣ ದನಿಯಲ್ಲಿ ಬಂತು. ಅದಕ್ಕೇ ಹೆಚ್ಚು ಸುಟ್ಟಿತು.

"ನಿನ್ನ ಕಣ್ಣಿಗೆ ಹಸರ ಕಾಣಲಿ ಅಂತ ದುರಗಪ್ಪನ ಕೈ ಹೋತು."

ಅಡಿವೆಪ್ಪ ಕೀಲಿಗಳ ಮೇಲೆ ಬೆರಳಿಟ್ಟ.

"ಅಳಸು."

ಅಳಿಸಿದ. ಎರಡು ದಿನದಿಂದ ಮುಗಿಯದೆ ಕೂತಿದ್ದ ಕೆಲಸವನ್ನು ನಿಲ್ಲಿಸಿದ. ಚೀಟಿಗಳನ್ನು ಮುಕಾದಮನಿಗೆ ಮತ್ತೆ ಓದಿಸಿದ. ಪಟ್ಟಿ ತೆಗೆದು ನೋಡಿದರೆ ಗೀಟು ಹೋಗಿತ್ತು. ಮುಂದಿನ ಸಲ: ಇವತ್ತು, ಮೂರೂವರೆ.

*

ಮೂರೂವರೆಗೆ ಇಬ್ಬರೂ ಕಲ್ಲಿನ ಮೇಲೆ ನಿಂತಿದ್ದರು.

ಊದಿತು. ಒಂದು ನಿಮಿಷ, ಎಲ್ಲೂ ತಡವರಿಸದೆ ಊದಿ ನಿಂತಿತು. ಅಡಿವೆಪ್ಪನಿಗೆ ಕುಣಿಯುವ ಹಾಗಾಯಿತು.

ಕೆಳಗೆ ಯಾರೂ ಅಲುಗಲಿಲ್ಲ.

ಬಿಳಿ ಉಸುಕಿನಲ್ಲಿ ಅಲ್ಲಲ್ಲಿ ಬಗ್ಗಿದ ಬೆನ್ನುಗಳು ಬಗ್ಗಿದಂತೆಯೇ ಇದ್ದವು. ಒಬ್ಬ ಎದ್ದು ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿದ, ಮತ್ತೆ ಬಗ್ಗಿದ.

"ಏ! ಏಳ್ರೀ! ಈ ಸಲ ಖರೇ!" ಅಡಿವೆಪ್ಪ ಕೂಗಿದ.

"ಹತ್ತು ಗಂಟೇಕ್ಕೂ ಖರೇನ ಇತ್ತೇನಪೋ?" ಕೆಳಗಿನಿಂದ ಮುದುಕನ ದನಿ ಬಂತು.

"ರಿಪೇರಿ ಆಗೇತಿ! ನೀರು ಬರತೈತಿ!"

"ಪರೀಕ್ಷಾ ಆದ್ರೂ ಇರಬಹುದು, ಏಳಬ್ಯಾಡ್ರೋ!" ನಗು.

ಅಡಿವೆಪ್ಪನ ಕಿವಿಯಲ್ಲಿ ಯಾವುದೋ ಹಳೇ ನಗು ಸೇರಿಕೊಂಡಿತು. "ಸಾಯ್ರಿ ಹಂಗಾರ!" ಎಂದು ಒದರಿ ಕಲ್ಲಿನ ಮೇಲೆ ಕೂತುಬಿಟ್ಟ. "ಊದೂದು ನನ್ನ ಕೆಲಸಾ. ಊದಿಸೀನಿ. ಕೇಳೂದು ಬಿಡೂದು ಅವರ ಹಣೆಬರ."

ಅಜ್ಜ ಒಳಗೆ ಹೋಗಿ ಮೊಳೆಗೆ ತೂಗುಬಿದ್ದಿದ್ದ ಜಾಗಟೆ ತೆಗೆದುಕೊಂಡು ಬಂದ. ಮೂರು ವರ್ಷದ ಧೂಳನ್ನು ಧೋತರದ ಚುಂಗಿನಿಂದ ಒರೆಸಿದ. ಮೆಟ್ಟಿಲು ಇಳಿಯತೊಡಗಿದ.

ಒಂದು ಮೆಟ್ಟಿಲು. ನಿಂತ. ಎರಡನೆಯದು. ಗೋಡೆ ಹಿಡಿದ. ಮೂರನೆಯದಕ್ಕೆ ಕಾಲು ಮಡಚಿಕೊಂಡಿತು. ಜಾಗಟೆ ಕಲ್ಲಿಗೆ ತಾಗಿ ಸದ್ದಾಯಿತು. ಅಜ್ಜ ಕೂತಲ್ಲಿಂದ ಎದ್ದು ನಾಲ್ಕನೆಯದಕ್ಕೆ ಕಾಲು ಚಾಚಿದ.

ಇನ್ನೂ ಐವತ್ತಾರು ಮೆಟ್ಟಿಲು ಇದ್ದವು.

ಅಡಿವೆಪ್ಪ ಬೈದುಕೊಳ್ಳುತ್ತ ಎದ್ದ. ಯಾರಿಗೆ ಬೈದನೋ ಅವನಿಗೇ ಗೊತ್ತಿಲ್ಲ. ಎರಡೆರಡು ಮೆಟ್ಟಿಲು ಹಾರಿ ಇಳಿದು, ಅಜ್ಜನ ಕೈಯಿಂದ ಜಾಗಟೆ ಕಿತ್ತುಕೊಂಡು ಉಸುಕಿಗೆ ಓಡಿದ.

ಬಾರಿಸಿದ. ಅಳತೆ ಇಲ್ಲದೆ, ತಾಳ ಇಲ್ಲದೆ ಬಾರಿಸಿದ.

ಸೈರನ್ನಿಗೆ ಏಳದ ಬೆನ್ನುಗಳು ಜಾಗಟೆಗೆ ಎದ್ದವು. ಇಪ್ಪತ್ತಾರು ವರ್ಷದ ರೂಢಿ ಅದು, ಮನಸ್ಸು ಬೇಡ ಅಂದರೂ ಕಾಲು ಏಳುತ್ತದೆ. "ಬಂದೆ ಅಜ್ಜಾ!" ಅಂತ ಮೊದಲ ಕೂಗು ಬಂತು, ಆ ಮುದುಕನದೇ. ಎರಡನೆಯದು ಬಂತು. ಮೂರು, ನಾಲ್ಕು. ಕೊಡಗಳು ದಂಡೆಯ ಕಡೆ ಹೊರಟವು. ಅಡಿವೆಪ್ಪ ಕೂಗುಗಳ ಕಡೆ ಕಿವಿ ಇಟ್ಟು ಬಾರಿಸುತ್ತ ಹೋದ.

ಒಂದು ಕೂಗು ಬರಲಿಲ್ಲ.

ಎಲ್ಲಕ್ಕಿಂತ ಆಚೆಯ ಒರತೆಯಲ್ಲಿ ಶಾವಂತ್ರೆವ್ವ ಎದೆಯತನಕ ಇಳಿದು ಬಟ್ಟಲಿನಿಂದ ಇನ್ನೊಂದು ಕೊಡಕ್ಕೆ ನೀರು ಮೊಗೆಯುತ್ತಿದ್ದಳು. ಅಡಿವೆಪ್ಪ ಅಂಚಿನಲ್ಲಿ ನಿಂತು ಜಾಗಟೆ ಬಾರಿಸಿದ. ಅವಳು ಮೊಗೆಯುತ್ತಲೇ ಇದ್ದಳು.

"ಏಳು ಶಾವಂತ್ರೆವ್ವ. ನೀರು ಬರತೈತಿ."

"ಯಾರು, ಮಶೀನ್ ಸ್ವಾಮಿನಾ? ಪರೀಕ್ಷಾನೋ, ಖರೇನೋ?"

"ಖರೇ."

"ನಿನ್ನೆ ಯಾಕ ಊದಲಿಲ್ಲ? ಅದನ್ನ ಹೇಳು, ಏಳತೀನಿ."

"ಇದೇನು ಕೇಳೂ ಹೊತ್ತೇನ?"

"ನನಗ ಇದ ಹೊತ್ತು."

ಮೇಲಿನ ತಿರುವಿನಲ್ಲಿ ಬೆಳ್ಳಕ್ಕಿಯ ಹಿಂಡು ಒಮ್ಮೆಗೇ ಎದ್ದಿತು. ನೀರು ಬರುವ ಮೊದಲು ಅವು ಏಳುತ್ತವೆ, ಹೊಳೆಯವರಿಗೆಲ್ಲ ಗೊತ್ತು. ಒರತೆಯೊಳಗಿದ್ದ ಶಾವಂತ್ರೆವ್ವನಿಗೆ ಅವು ಕಾಣಲಿಲ್ಲ. ಅಡಿವೆಪ್ಪನಿಗೆ ಕಂಡವು.

ಬ್ಯಾಟರಿ, ಭಕ್ತ, ಕರೆಂಟು, ದುರಗಪ್ಪನ ಕಣ್ಣು, ಎಲ್ಲವೂ ಅವನ ನಾಲಗೆಯ ತುದಿಯಲ್ಲಿ ಸಾಲು ಹಚ್ಚಿ ನಿಂತಿದ್ದವು. ಹದಿನಾಲ್ಕು ಮಂದಿಯೂ ಅಲ್ಲೇ ನಿಂತಿದ್ದರು.

"ನಾ ಒಂದು ಸಾಲು ತಪ್ಪು ಬರದಿದ್ದೆ," ಅಂದ. "ನನ್ನ ಕಣ್ಣಿಗೆ ಛಂದ ಕಾಣಲಿ ಅಂತ ಬರದಿದ್ದೆ. ಅದಕ್ಕ ಊದಲಿಲ್ಲ. ದುರಗಪ್ಪನ ಕೈ ಮುರದವ ನಾನ."

ಶಾವಂತ್ರೆವ್ವ ಬಟ್ಟಲು ಬಿಟ್ಟಳು. ನೆಟ್ಟಗೆ ನಿಂತು ಅವನ ಮುಖ ನೋಡಿದಳು.

"ಇಷ್ಟು ಹೇಳಾಕ ಮುಂಜಾನಿಂದ ನಿನ್ನ ಬಾಯಿಗೆ ಏನು ಬಡದಿತ್ತೋ ಭಾಡ್ಯಾ? ನನ್ನ ಗಂಡಗ ಕಣ್ಣಿಲ್ಲ ಅಂದಿ! ಕೈ ಮುರದ ನೋವಿಗಿಂತ ಆ ಮಾತು ಉರೀತು ನನಗ! ಸ್ವಾಮಿ ಅಂತ ಸ್ವಾಮಿ! ಹಿಡಿ ಕೊಡಾ!"

ಕೊಡ ಕೊಟ್ಟಳು. ಅವನು ಜಾಗಟೆಯನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈ ಚಾಚಿ ಅವಳನ್ನು ಮೇಲೆ ಎಳೆದ.

"ಕೂಗು," ಅಂದ.

"ಏನ?"

"ಮ್ಯಾಲ ಅಜ್ಜಾರು ಕಾಯಾಕ ಹತ್ತ್ಯಾರ. ಕೂಗು."

"ಬಂದೆ ಅಜ್ಜಾ!" ಶಾವಂತ್ರೆವ್ವ ಕೂಗಿದಳು. ಅವನ ಕಡೆ ತಿರುಗಿ, "ನೀನೂ ಕೂಗು. ನೀನೂ ಹೊಳ್ಯಾಗ ಅದಿ."

ಅಡಿವೆಪ್ಪ ಬಾಯಿ ತೆರೆದ.

"ಬಂದೆ ಅಜ್ಜಾ!"

ಅವರು ಬಳ್ಳಿಯ ಉಸುಕು ಮುಟ್ಟುವ ಹೊತ್ತಿಗೆ ಹಿಂದೆ ನೀರಿನ ಸದ್ದು ಬಂತು. ತಿರುಗಿ ನೋಡಿದರೆ ಒರತೆ ಇದ್ದ ಜಾಗ ಎಲ್ಲಿ ಅನ್ನುವುದೇ ತಿಳಿಯುತ್ತಿರಲಿಲ್ಲ. ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ಅವಳು ಬಿಟ್ಟ ಬಟ್ಟಲು ಒಮ್ಮೆ ತೇಲಿ ಕಂಡು ಮುಳುಗಿತು.

ಶಾವಂತ್ರೆವ್ವ ಒಂದು ಕಲ್ಲಂಗಡಿಯನ್ನು ಮೊಣಕೈಯಿಂದ ಗುದ್ದಿ ಒಡೆದು ಅರ್ಧ ಅವನ ಮುಂದೆ ಹಿಡಿದಳು.

ಅಡಿವೆಪ್ಪ ಅನುಮಾನದಿಂದ ನೋಡಿದ. "ಸಿಟ್ಟು ಇಲ್ಲೇನ?"

"ಇತ್ತು. ಬೈದೆನಲ್ಲ, ಕೇಳಲಿಲ್ಲೇನ? ತಿನ್ನು. ನಾಳೆ ಎಂಟಕ್ಕ ಸಲಕಿ ತಗೊಂಡು ಬಾ. ನನ್ನ ಗಂಡನ ಕೈ ಕೂಡೂತನಕ ಒರತಿ ತೋಡೂದು ನಿನ್ನ ಪಾಲಿಂದು."

*

ಅಡಿವೆಪ್ಪ ಮೇಲೆ ಬಂದಾಗ ಅಜ್ಜ ಕಂಪ್ಯೂಟರಿನ ಕೋಣೆಯಲ್ಲಿ ಮಣೆಯ ಮೇಲೆ ಕೂತು, ತಂಬಿಗೆಯ ನೆಗ್ಗಿದ ಭಾಗವನ್ನು ಒಳಗಿನಿಂದ ಒಂದು ಕಲ್ಲಿನಲ್ಲಿ ಬಡಿದು ಸರಿ ಮಾಡುತ್ತಿದ್ದ.

"ಊದಿತೇನಪಾ?"

"ಊದಿತ್ರಿ."

"ಏನಂತ ತೋರಸ್ತೈತಿ?"

ಅಡಿವೆಪ್ಪ ತೆರೆ ನೋಡಿದ. ಬೂದಿ ಬಣ್ಣದ ಅಕ್ಷರ.

"ಸತ್ತೈತಿ ಅಂತೈತ್ರಿ."

"ಮುಂದಿನ ಸಲ?"

"ನಾಳೆ, ಮೂರೂವರಿ."

ಅಜ್ಜ ಮತ್ತೆ ತಂಬಿಗೆ ಬಡಿಯತೊಡಗಿದ. ಅಡಿವೆಪ್ಪ ಜಾಗಟೆಯನ್ನು ಮೊಳೆಗೆ ತೂಗುಹಾಕಿದ. ಕೈಕಾಲಿನ ಉಸುಕು ಝಾಡಿಸಿಕೊಂಡ. ಆಮೇಲೆ ತಡೆಯಲಾಗಲಿಲ್ಲ.

"ಏನ ಆಗಲಿ ಅಜ್ಜಾರ, ಆ ಸಾಹೇಬ ಅವತ್ತ ಹದಿನಾಲ್ಕು ಮಂದಿ ಮುಂದ ಹಂಗ ಅನ್ನಬಾರದಿತ್ತು."

"ಆ ಸಾಹೇಬ ಈಗ ಎಲ್ಲಿ ಅದಾನ?"

"ಹೋದ ವರ್ಷ ತೀರಿಕೊಂಡನಂತ."

ಅಜ್ಜ ಕಲ್ಲನ್ನು ಕೆಳಗಿಟ್ಟ. ತೆರೆಯ ಕಡೆ ಬೆರಳು ಮಾಡಿದ.

"ಇದರದು ಮುಗದೈತಿ, ಮುಂದಿನ ಸಲ ನಾಳೆ ಮೂರೂವರಿ. ನಿಂದು?"